ಪಿಎಚ್‌ಡಿಯಿಂದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಥೀಸಿಸ್ ಬರೆಯುತ್ತಿರುವವರು, ಪೋಸ್ಟ್‌ಡಾಕ್ ಮಾಡುತ್ತಿರುವವರು, ಕೆಲವೊಮ್ಮೆ ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಬೆಂಗಳೂರು, ಮುಂಬೈ, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಕೆಲಸ ಹುಡುಕುವವರನ್ನು ಮನಸ್ಸಿನಲ್ಲಿಟ್ಟು ಉತ್ತರಿಸಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಅನುಮಾನಗಳು

ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದ್ರೆ ನಮ್ಮ ಕೆನರಾ ಬ್ಯಾಂಕ್ ಥರದ್ದೇ ಅಲ್ವಾ? ಅಲ್ಲಿ ಪಿಎಚ್‌ಡಿ ಆದವರಿಗೆ ಏನು ಕೆಲಸ?

ಠೇವಣಿ ಪಡೆದು ಸಾಲ ಕೊಡುವುದು ಇದರ ಮುಖ್ಯ ಕಸುಬಲ್ಲ. ಕಂಪನಿಗಳಿಗೆ ಷೇರು, ಬಾಂಡ್‌ಗಳ ಮೂಲಕ ಬಂಡವಾಳ ಎತ್ತಿಕೊಡುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಸಲಹೆ ಕೊಡುವುದು, ದೊಡ್ಡ ಹೂಡಿಕೆದಾರರ ಜೊತೆ ಷೇರು, ಬಾಂಡ್, ವಿದೇಶಿ ಕರೆನ್ಸಿ, ಡಿರೈವೆಟಿವ್‌ಗಳ (ಇಂಥವುಗಳ ಬೆಲೆಯನ್ನು ನೆಚ್ಚಿಕೊಂಡ ಒಪ್ಪಂದಗಳ) ವ್ಯಾಪಾರ ಮಾಡುವುದು ಇದರ ಕೆಲಸ.

ಹೊರಗಿನಿಂದ ಕಾಣುವುದು ಒಂದೇ ಕಟ್ಟಡ, ಆದರೆ ಪಿಎಚ್‌ಡಿ ಆದವರಿಗೆ ತೆರೆಯುವ ಬಾಗಿಲು ನಾಲ್ಕು. ಮೊದಲನೆಯದು ಡೀಲ್ ತಂಡ: ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು), ಕಂಪನಿಗಳ ಖರೀದಿ, ವಿಲೀನ. ‘ಬ್ಯಾಂಕರ್’ ಎಂಬ ಮಾತು ಅಲ್ಲಿ ಇವರಿಗೇ ಸಲ್ಲುತ್ತದೆ. ಎರಡನೆಯದು ಕ್ವಾಂಟ್ ತಂಡ. ಡಿರೈವೆಟಿವ್‌ಗಳ ಬೆಲೆ ಕಟ್ಟುವ ಮಾಡೆಲ್, ಟ್ರೇಡಿಂಗ್ ಆಲ್ಗರಿದಮ್ ಬರೆಯುವವರು ಇವರು. ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಇವರನ್ನು ‘ಸ್ಟ್ರ್ಯಾಟ್ಸ್’ ಅನ್ನುತ್ತಾರೆ, ಜೆ.ಪಿ. ಮೋರ್ಗನ್‌ನಲ್ಲಿ ‘ಕ್ಯೂಆರ್’ (ಕ್ವಾಂಟಿಟೇಟಿವ್ ರಿಸರ್ಚ್). ಮೂರನೆಯದು ರಿಸ್ಕ್ ಮತ್ತು ಮಾಡೆಲ್ ವ್ಯಾಲಿಡೇಷನ್, ಅಂದರೆ ಆ ಮಾಡೆಲ್‌ಗಳನ್ನು ತಿರುಗಿ ಪರೀಕ್ಷಿಸುವವರು. ನಾಲ್ಕನೆಯದು ರಿಸರ್ಚ್: ಕಂಪನಿಗಳನ್ನು ಅಧ್ಯಯನ ಮಾಡಿ ಹೂಡಿಕೆದಾರರಿಗೆ ವರದಿ ಬರೆಯುವವರು.

ಯಾವ ಬಾಗಿಲು ಅಂತ ತೀರ್ಮಾನಿಸದೆ ನಾಲ್ಕಕ್ಕೂ ಒಂದೇ ಸಿ.ವಿ. ಕಳಿಸುವುದೇ ಅತಿ ಹೆಚ್ಚು ಜನ ಮಾಡುವ ತಪ್ಪು. ನಾಲ್ಕರ ಪರೀಕ್ಷೆಯೂ ಬೇರೆ, ತಯಾರಿಯೂ ಬೇರೆ, ದಿನಚರಿಯೂ ಬೇರೆ.

ಫಿಸಿಕ್ಸ್ ಓದಿದವರಿಗೆ ಹಣಕಾಸಿನ ಗಂಧಗಾಳಿ ಇರಲ್ಲ. ಆದ್ರೂ ಯಾಕೆ ತಗೋತಾರೆ?

1973ರಲ್ಲಿ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್ ಬೆಲೆಯ ಸೂತ್ರ ಪ್ರಕಟಿಸಿದರು. ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕೇ ಆಪ್ಷನ್. ಆ ಸೂತ್ರದ ಹಿಂದಿರುವುದು ಉಷ್ಣ ಹರಡುವ ಸಮೀಕರಣವೇ. ಬ್ಲ್ಯಾಕ್ ಅವರ ಪಿಎಚ್‌ಡಿ ಅನ್ವಯಿಕ ಗಣಿತದಲ್ಲಿ. ಅವರು 1984ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದರು, ಮರುವರ್ಷ ಕಣಭೌತವಿಜ್ಞಾನಿ ಎಮಾನ್ಯುಯೆಲ್ ಡರ್ಮನ್ ಅಲ್ಲಿಗೇ ಬಂದರು. 1993ರಲ್ಲಿ ಅಮೆರಿಕದ ಸಂಸತ್ತು ಟೆಕ್ಸಾಸ್‌ನ ಸೂಪರ್ ಕೊಲೈಡರ್ ಯೋಜನೆಯನ್ನು ಅರ್ಧದಲ್ಲೇ ನಿಲ್ಲಿಸಿದಾಗ ಕೆಲಸ ಕಳೆದುಕೊಂಡ ಭೌತವಿಜ್ಞಾನಿಗಳಲ್ಲಿ ಕೆಲವರು ವಾಲ್ ಸ್ಟ್ರೀಟ್ ದಾರಿ ಹಿಡಿದರು. 2008ರ ಕುಸಿತದ ನಂತರ, 2011ರಲ್ಲಿ, ಅಮೆರಿಕದ ಫೆಡರಲ್ ರಿಸರ್ವ್ ಮಾಡೆಲ್‌ಗಳ ಅಪಾಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮಾಡೆಲ್ ಕಟ್ಟಿದವರೇ ಅದು ಸರಿ ಎಂದರೆ ಸಾಲದು, ಬೇರೆಯವರು ಪರೀಕ್ಷಿಸಬೇಕು ಎಂಬುದು ಅದರ ತಿರುಳು. ಮಾಡೆಲ್ ವ್ಯಾಲಿಡೇಷನ್ ತಂಡಗಳು ಬೆಳೆದದ್ದು ಅಲ್ಲಿಂದ.

ನಿಮ್ಮ ಥೀಸಿಸ್‌ನ ವಿಷಯ ಬ್ಯಾಂಕಿಗೆ ಬೇಕಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಹಿಡಿದು, ಊಹೆಗಳನ್ನು ಬಿಡಿಸಿ ಬರೆದು, ಲೆಕ್ಕ ಮಾಡಿ, ತಪ್ಪು ಎಷ್ಟಿರಬಹುದು ಎಂದೂ ಹೇಳಬಲ್ಲಿರಲ್ಲ, ಆ ಅಭ್ಯಾಸ ಬೇಕು. ಹಣಕಾಸಿನ ಭಾಷೆಯನ್ನು ಆರು ತಿಂಗಳಲ್ಲಿ ಕಲಿಯಬಹುದು ಎಂದು ಅವರಿಗೆ ಗೊತ್ತಿದೆ.

ನಂದು ಬಯಾಲಜಿ. ಗಣಿತ ಅಷ್ಟಕ್ಕಷ್ಟೆ. ನನಗೂ ದಾರಿ ಇದೆಯಾ?

ಇದೆ, ಆದರೆ ಕ್ವಾಂಟ್ ಬಾಗಿಲಲ್ಲಿ ಅಲ್ಲ. ನ್ಯೂಯಾರ್ಕ್, ಬಾಸ್ಟನ್, ಲಂಡನ್‌ಗಳಲ್ಲಿ ಬಯೋಟೆಕ್ ಕಂಪನಿಗಳನ್ನು ನೋಡಿಕೊಳ್ಳುವ ಹೆಲ್ತ್‌ಕೇರ್ ಡೀಲ್ ತಂಡಗಳಿಗೂ ಈಕ್ವಿಟಿ (ಷೇರು) ರಿಸರ್ಚ್ ತಂಡಗಳಿಗೂ ಜೀವವಿಜ್ಞಾನದ ಪಿಎಚ್‌ಡಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಪ್ರಶ್ನೆ ಹೀಗಿರುತ್ತದೆ: ಈ ಕಂಪನಿಯ ಒಂದೇ ಒಂದು ಔಷಧ ಎರಡನೇ ಹಂತದ ಪ್ರಯೋಗದಲ್ಲಿದೆ, ಆದಾಯ ಇನ್ನೂ ಸೊನ್ನೆ. ಇದರ ಬೆಲೆ ಎಷ್ಟು? ಮನುಷ್ಯರ ಮೇಲಿನ ಪ್ರಯೋಗಕ್ಕೆ ಇಳಿದ ಔಷಧಗಳಲ್ಲಿ ಮಾರುಕಟ್ಟೆ ಮುಟ್ಟುವುದು ಸರಿಸುಮಾರು ಹತ್ತಕ್ಕೆ ಒಂದು. ಹಾಗಾಗಿ ಮುಂದೆ ಬರಬಹುದಾದ ಮಾರಾಟವನ್ನು ಗೆಲ್ಲುವ ಸಂಭವದಿಂದ ಗುಣಿಸಿ, ವರ್ಷಗಳ ಬಡ್ಡಿ ಕಳೆದು ಇಂದಿನ ಬೆಲೆಗೆ ಇಳಿಸುತ್ತಾರೆ. ಗುಣಾಕಾರ ಯಾರಾದರೂ ಮಾಡಿಯಾರು. ಪ್ರಯೋಗದ ವಿನ್ಯಾಸ ಓದಿ, ಆ ಸಂಭವ 15 ಪ್ರತಿಶತವೋ 40 ಪ್ರತಿಶತವೋ ಎಂದು ವಾದಿಸಬಲ್ಲವರು ಕಡಿಮೆ.

ನಮ್ಮಲ್ಲೂ ಇದಕ್ಕೆ ನೆಲೆ ಇದೆ. ಬಯೋಕಾನ್ 2004ರಲ್ಲಿ, ಸಿಂಜೀನ್ 2015ರಲ್ಲಿ ಷೇರುಪೇಟೆಗೆ ಬಂದವು. ಆದರೆ ಭಾರತದ ಔಷಧ ಕಂಪನಿಗಳಲ್ಲಿ ಹೆಚ್ಚಿನವು ಜನರಿಕ್ ಮಾರಿ ಲಾಭದಲ್ಲಿ ನಡೆಯುವಂಥವು. ಅವುಗಳ ಬೆಲೆ ಕಟ್ಟಲು ಲ್ಯಾಬ್ ಜ್ಞಾನಕ್ಕಿಂತ ಲೆಕ್ಕಪತ್ರದ ಜ್ಞಾನ ಹೆಚ್ಚು ಬೇಕು. ಆದ್ದರಿಂದ ಮುಂಬೈಯಲ್ಲಿ ಈ ದಾರಿ ಲಂಡನ್‌ಗಿಂತ ಕಿರಿದು.

ಐದು ವರ್ಷ ಆಯ್ತು, ಸಾಕಾಗಿದೆ. ಪಿಎಚ್‌ಡಿ ಅರ್ಧಕ್ಕೇ ಬಿಟ್ಟು ಹೋಗ್ಲಾ?

ಎರಡನೇ ವರ್ಷದಲ್ಲಿ ಬಿಡುವುದು ಬೇರೆ. ಆಗ ಮಾಸ್ಟರ್ಸ್ ಪದವಿಯ ಮೇಲೆ ಅರ್ಜಿ ಹಾಕಬಹುದು, ಕಳೆದದ್ದು ಕಡಿಮೆ. ಐದನೇ ವರ್ಷದಲ್ಲಿ, ಉಳಿದಿರುವುದು ಎಂಟು ತಿಂಗಳ ಬರವಣಿಗೆಯಷ್ಟೇ ಆದರೆ, ಮುಗಿಸಿ. ಕ್ವಾಂಟ್ ಕೆಲಸಗಳಲ್ಲಿ ಪಿಎಚ್‌ಡಿ ಇದ್ದವರನ್ನು ಒಂದು ಮೆಟ್ಟಿಲು ಮೇಲೆ ಸೇರಿಸಿಕೊಳ್ಳುವುದು ವಾಡಿಕೆ, ಆ ಮೆಟ್ಟಿಲು ಪದವಿ ಕೈಯಲ್ಲಿದ್ದವರಿಗೆ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಇಂಟರ್ವ್ಯೂನಲ್ಲೂ ‘ಯಾಕೆ ಬಿಟ್ಟಿರಿ’ ಎಂಬ ಪ್ರಶ್ನೆಗೆ ವಿವರಣೆ ಕೊಡುತ್ತಲೇ ಇರಬೇಕಾಗುತ್ತದೆ.

ನನಗೀಗ 32. ಜೊತೆಗೆ ಕೂರುವವರೆಲ್ಲ 24ರ ಹುಡುಗರು. ತಡವಾಯ್ತಾ?

ಕ್ವಾಂಟ್, ರಿಸ್ಕ್, ರಿಸರ್ಚ್‌ಗಳಲ್ಲಿ ತಡವೇನಲ್ಲ. ಡೀಲ್ ತಂಡದಲ್ಲಿ ವಯಸ್ಸಿಗಿಂತ ಸಮಯದ ಹಂಗು ಕಷ್ಟ. ಡೀಲ್ ನಡೆಯುತ್ತಿರುವಾಗ ವಾರಕ್ಕೆ 80 ಗಂಟೆ ಸಾಮಾನ್ಯ, ರಾತ್ರಿ 11ಕ್ಕೆ ಬಂದ ತಿದ್ದುಪಡಿ ಬೆಳಗ್ಗೆ 8ಕ್ಕೆ ಸಿದ್ಧವಿರಬೇಕು. ಮನೆಯಲ್ಲಿ ಸಣ್ಣ ಮಗುವಿದ್ದರೆ, ವಯಸ್ಸಾದ ಅಪ್ಪ ಅಮ್ಮನ ಹೊಣೆ ಇದ್ದರೆ, ಸೇರುವ ಮೊದಲೇ ಮನೆಯವರ ಜೊತೆ ಕೂತು ಇದನ್ನು ಬಿಚ್ಚಿ ಮಾತಾಡಿ.

## ಎಲ್ಲಿ, ಯಾವ ಊರಲ್ಲಿ

ಬೆಂಗಳೂರಲ್ಲಿ ಇರೋದು ಬ್ಯಾಕ್ ಆಫೀಸ್ ಅಷ್ಟೇ ಅಂತಾರೆ. ನಿಜಾನಾ?

ಹಿಂದೆ ಆ ಮಾತಲ್ಲಿ ಸತ್ಯ ಹೆಚ್ಚಿತ್ತು. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿಗೆ ಬಂತು, ಈಗ ಇಲ್ಲಿನದು ಅದರ ಅತಿ ದೊಡ್ಡ ಕಚೇರಿಗಳಲ್ಲಿ ಒಂದು. ಜೆ.ಪಿ. ಮೋರ್ಗನ್, ಮೋರ್ಗನ್ ಸ್ಟ್ಯಾನ್ಲಿ, ವೆಲ್ಸ್ ಫಾರ್ಗೊ, ಸೊಸಿಯೆಟೆ ಜನರಾಲ್ ಕೂಡ ಇಲ್ಲಿವೆ. ಕ್ವಾಂಟ್, ಮಾಡೆಲ್ ವ್ಯಾಲಿಡೇಷನ್, ರಿಸ್ಕ್ ಕೆಲಸಗಳು ಇಲ್ಲಿ ಗಟ್ಟಿಯಾಗಿಯೇ ಇವೆ. ಕಡಿಮೆ ಇರುವುದು ಗ್ರಾಹಕರ ಎದುರು ಕೂತು ಮಾಡುವ ಕೆಲಸ. ಟ್ರೇಡರ್ ಲಂಡನ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಇರುತ್ತಾರೆ.

ಆಫರ್ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ. ನನ್ನ ಮ್ಯಾನೇಜರ್ ಯಾವ ಊರಲ್ಲಿ? ಮಾಡೆಲ್‌ನ ಮಾಲೀಕತ್ವ ಈ ತಂಡದ್ದೋ, ಅಥವಾ ಬೇರೆಡೆ ಬರೆದದ್ದನ್ನು ಇಲ್ಲಿ ನಡೆಸುವುದಷ್ಟೋ? ಟ್ರೇಡರ್ ಜೊತೆ ನೇರ ಮಾತು ಉಂಟೋ? ಎರಡನೆಯದಕ್ಕೆ ಸುತ್ತಿಬಳಸಿ ಉತ್ತರ ಬಂದರೆ, ಅದೇ ಉತ್ತರ ಅಂತ ತಿಳಿಯಿರಿ.

ಗಡಿಯಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲಂಡನ್ ಷೇರುಪೇಟೆ ತೆರೆಯುವುದು ನಮ್ಮ ಮಧ್ಯಾಹ್ನ 12:30ಕ್ಕೆ, ಅವರ ಚಳಿಗಾಲದಲ್ಲಿ 1:30ಕ್ಕೆ. ನ್ಯೂಯಾರ್ಕ್ ಸಂಜೆ 7ಕ್ಕೆ, ಚಳಿಗಾಲದಲ್ಲಿ 8ಕ್ಕೆ. ನ್ಯೂಯಾರ್ಕ್ ತಂಡದ ಜೊತೆ ಕೆಲಸ ಅಂದರೆ ರಾತ್ರಿಯ ಊಟ ಬಹುತೇಕ ಕರೆಯ ನಡುವೆಯೇ.

ನನಗೆ ಐಪಿಒ, ವಿಲೀನದಂಥ ಡೀಲ್ ಕೆಲಸವೇ ಬೇಕು.

ಹಾಗಾದರೆ ಮುಂಬೈ. ಐಪಿಒಗೆ ಹೊರಟ ಬೆಂಗಳೂರಿನ ಕಂಪನಿಯೂ ಮರ್ಚೆಂಟ್ ಬ್ಯಾಂಕರನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯವಾಗಿ ಅಲ್ಲಿಗೇ. ಭಾರತದಲ್ಲಿ ಈ ಕೆಲಸ ಮಾಡುವ ಸಂಸ್ಥೆ ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ಮರ್ಚೆಂಟ್ ಬ್ಯಾಂಕರ್ ಎಂದು ನೋಂದಾಯಿಸಿರಬೇಕು. ಐಪಿಒ ನಡೆಯುವುದು ಸೆಬಿಯ 2018ರ ಐಸಿಡಿಆರ್ ನಿಯಮಗಳ ಪ್ರಕಾರ. ಕಂಪನಿ ಸೆಬಿಗೆ ಸಲ್ಲಿಸುವ ಕರಡು ದಾಖಲೆಯನ್ನು ಡಿಆರ್‌ಎಚ್‌ಪಿ ಅನ್ನುತ್ತಾರೆ. ಅದು ಸೆಬಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಿಮಗೆ ಗೊತ್ತಿರುವ ಉದ್ಯಮದ ಮೂರು ಡಿಆರ್‌ಎಚ್‌ಪಿಗಳನ್ನು ತೆಗೆದು ಅಪಾಯಗಳ ಅಧ್ಯಾಯ, ಹಣದ ಬಳಕೆಯ ಅಧ್ಯಾಯ, ಲೆಕ್ಕಪತ್ರಗಳು ಈ ಮೂರನ್ನು ಪೂರ್ತಿ ಓದಿ. ಯಾವ ದುಬಾರಿ ಕೋರ್ಸಿಗಿಂತಲೂ ಇದು ಮೇಲು.

ಒಂದು ಕಹಿ ಮಾತನ್ನೂ ಹೇಳಬೇಕು. ಭಾರತದ ಡೀಲ್ ತಂಡಗಳು ಜನರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಎಂಬಿಎ ಮತ್ತು ಸಿಎ ಮಾಡಿದವರಿಂದ. ಪಿಎಚ್‌ಡಿಯೊಂದನ್ನೇ ಹಿಡಿದು ನೇರವಾಗಿ ನುಗ್ಗುವುದು ಕಷ್ಟ. ಔಷಧ, ಸೆಮಿಕಂಡಕ್ಟರ್, ಇಂಧನದಂಥ ಕ್ಷೇತ್ರದ ರಿಸರ್ಚ್ ತಂಡಕ್ಕೆ ಮೊದಲು ಸೇರಿ, ಎರಡು ಮೂರು ವರ್ಷದ ಮೇಲೆ ಡೀಲ್ ತಂಡಕ್ಕೆ ದಾಟುವುದು ನಡೆಯುವ ದಾರಿ.

ಅಮೆರಿಕದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ವೀಸಾ ಹೇಗೆ?

ವಿದ್ಯಾರ್ಥಿ ವೀಸಾವಾದ ಎಫ್-1ರಲ್ಲಿ ಇದ್ದು ವಿಜ್ಞಾನ ಅಥವಾ ಎಂಜಿನಿಯರಿಂಗ್‌ನಲ್ಲಿ ಪದವಿ ಪಡೆದರೆ ಒಪಿಟಿ (ಓದಿನ ನಂತರ ಅಲ್ಲೇ ಕೆಲಸ ಮಾಡುವ ಅನುಮತಿ) 12 ತಿಂಗಳು, ಅದರ ಮೇಲೆ 24 ತಿಂಗಳ ವಿಸ್ತರಣೆ, ಒಟ್ಟು 36. ಅಷ್ಟರೊಳಗೆ ಕೆಲಸದ ವೀಸಾ ಎಚ್-1ಬಿಯ ಲಾಟರಿಯಲ್ಲಿ ಹೆಸರು ಬರಬೇಕು. ವರ್ಷಕ್ಕೆ 65,000 ವೀಸಾಗಳ ಮಿತಿ, ಅಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಮೇಲೆ ಓದಿದವರಿಗೆ ಇನ್ನೂ 20,000.

ತುಂಬ ಜನ ಎಡವುವುದು ಇಲ್ಲಿ: ವಿಶ್ವವಿದ್ಯಾಲಯಗಳು ಈ ಮಿತಿಯ ಹೊರಗಿವೆ. ಹಾಗಾಗಿ ಪೋಸ್ಟ್‌ಡಾಕ್‌ಗೆ ಎಚ್-1ಬಿ ಲಾಟರಿ ಇಲ್ಲದೆಯೇ ಸಿಗುತ್ತದೆ. ಆ ವೀಸಾ ಹಿಡಿದು ಬ್ಯಾಂಕಿಗೆ ಹೋಗುತ್ತೇನೆ ಎಂದರೆ ಮತ್ತೆ ಲಾಟರಿಗೇ ನಿಲ್ಲಬೇಕು. ಪೋಸ್ಟ್‌ಡಾಕ್ ಮುಗಿಸಿ ಬ್ಯಾಂಕಿಗೆ ಹೋಗೋಣ ಎಂದು ಯೋಚಿಸುವವರು ಒಪಿಟಿಯ ವರ್ಷಗಳನ್ನು ಅಲ್ಲೇ ಕರಗಿಸಿಕೊಳ್ಳುತ್ತಾರೆ. ಫುಲ್‌ಬ್ರೈಟ್‌ನಂಥ ಸರ್ಕಾರಿ ಹಣದಲ್ಲಿ ಜೆ-1 ವೀಸಾದ ಮೇಲೆ ಹೋದವರಿಗೆ ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕೆಂಬ ಷರತ್ತೂ ಸೇರಿಕೊಳ್ಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ಮೇಲೆ, ಭಾರತದಲ್ಲಿ ಕೂತು ನೇರವಾಗಿ ನ್ಯೂಯಾರ್ಕ್‌ಗೆ ಅರ್ಜಿ ಹಾಕುವುದು ಇನ್ನೂ ಬಿಗಿಯಾಗಿದೆ.

ಇಂಗ್ಲೆಂಡ್?

ಅಲ್ಲಿ ಪಿಎಚ್‌ಡಿ ಮುಗಿಸಿದವರಿಗೆ ಗ್ರ್ಯಾಜುಯೇಟ್ ವೀಸಾ 3 ವರ್ಷ. ಲಾಟರಿ ಇಲ್ಲ. ಬ್ಯಾಂಕ್ ಪ್ರಾಯೋಜಿಸಿದರೆ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಅದಕ್ಕೇ ಲಂಡನ್ ಹಲವರಿಗೆ ಸುಲಭದ ದಾರಿ.

## ತಯಾರಿ

ಥೀಸಿಸ್ ಕೊಡೋಕೆ ಎಷ್ಟು ತಿಂಗಳು ಮೊದಲು ಶುರು ಮಾಡ್ಬೇಕು?

ಹನ್ನೆರಡರಿಂದ ಹದಿನೈದು ತಿಂಗಳು. ಲಂಡನ್, ನ್ಯೂಯಾರ್ಕ್‌ನ ದೊಡ್ಡ ಬ್ಯಾಂಕುಗಳು ಮುಂದಿನ ಬೇಸಿಗೆಯ ಇಂಟರ್ನ್‌ಷಿಪ್‌ಗೆ ಅರ್ಜಿ ತೆರೆಯುವುದು ಹಿಂದಿನ ವರ್ಷದ ಜುಲೈನಿಂದ ಸೆಪ್ಟೆಂಬರ್ ನಡುವೆ. ಬಂದ ಕ್ರಮದಲ್ಲೇ ಅರ್ಜಿ ನೋಡುವ ಬ್ಯಾಂಕುಗಳಲ್ಲಿ ಕೊನೆಯ ದಿನದವರೆಗೆ ಕಾದರೆ ಜಾಗ ಉಳಿದಿರುವುದಿಲ್ಲ. ಐಐಟಿಗಳ ಕ್ಯಾಂಪಸ್ ನೇಮಕ ಡಿಸೆಂಬರ್ 1ಕ್ಕೆ ಶುರುವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ತಮ್ಮ ಪ್ಲೇಸ್‌ಮೆಂಟ್ ಕಚೇರಿಯಲ್ಲಿ ಪಿಎಚ್‌ಡಿಯವರ ನೋಂದಣಿಗೆ ಏನೇನು ಷರತ್ತಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಮೊದಲ ನಾಲ್ಕು ತಿಂಗಳು ದಿನಕ್ಕೆ ಒಂದು ಗಂಟೆ ಓದು ಸಾಕು. ನಂತರದ ಮೂರು ತಿಂಗಳು ವಾರಕ್ಕೆ ಹತ್ತು ಗಂಟೆ ಕೋಡ್ ಮತ್ತು ಲೆಕ್ಕ. ಅರ್ಜಿಯ ಕಾಲದಲ್ಲಿ ಬಾಯಿಬಿಟ್ಟು ಉತ್ತರಿಸುವ ಅಭ್ಯಾಸ. ಥೀಸಿಸ್‌ನ ಕೊನೆಯ ಎರಡು ತಿಂಗಳಿಗೆ ಇಂಟರ್ವ್ಯೂ ತಗುಲಿಕೊಳ್ಳದಂತೆ ನೋಡಿಕೊಳ್ಳಿ, ಎರಡೂ ಕೆಡುತ್ತವೆ.

ಸಿಎಫ್ಎ ಮಾಡ್ಲಾ, ಎಫ್ಆರ್‌ಎಂ ಮಾಡ್ಲಾ?

ಸಿಎಫ್ಎ ಹೂಡಿಕೆ ವಿಶ್ಲೇಷಣೆಯ ಅರ್ಹತೆ, ಎಫ್ಆರ್‌ಎಂ ರಿಸ್ಕ್‌ನದು. ಕ್ವಾಂಟ್‌ಗೆ ಎರಡೂ ಬೇಡ. ರಿಸ್ಕ್‌ಗೆ ಎರಡು ಭಾಗದ ಎಫ್ಆರ್‌ಎಂ ಉಪಯುಕ್ತ. ರಿಸರ್ಚ್‌ಗೆ ಸಿಎಫ್ಎಯ ಮೂರು ಹಂತಗಳಲ್ಲಿ ಮೊದಲನೆಯದು ಪಾಸಾಗಿದ್ದರೂ ‘ಇವರಿಗೆ ನಿಜವಾಗಿ ಆಸಕ್ತಿ ಇದೆ’ ಎಂದು ತೋರಿಸುತ್ತದೆ, ಲೆಕ್ಕಪತ್ರವನ್ನೂ ಕಲಿಸುತ್ತದೆ. ಭಾರತದಲ್ಲಿ ರಿಸರ್ಚ್ ಅನಲಿಸ್ಟ್‌ಗಳು ಸೆಬಿಯ ಶಿಕ್ಷಣ ಸಂಸ್ಥೆ ಎನ್ಐಎಸ್ಎಂನ 15ನೇ ಸರಣಿಯ ಪರೀಕ್ಷೆ ಬರೆಯಬೇಕು, ಮರ್ಚೆಂಟ್ ಬ್ಯಾಂಕಿಂಗ್‌ಗೆ 9ನೇ ಸರಣಿ. ಅಮೆರಿಕದಲ್ಲಿ ಡೀಲ್ ತಂಡದವರಿಗೆ ಎಸ್ಐಇ ಮತ್ತು ಸೀರೀಸ್ 79 ಎಂಬ ಪರೀಕ್ಷೆಗಳಿವೆ. ಸೀರೀಸ್ 79ನ್ನು ಕೆಲಸ ಸಿಕ್ಕಿದ ಮೇಲೆ ಬ್ಯಾಂಕೇ ಬರೆಸುತ್ತದೆ.

ಮ್ಯಾಟ್‌ಲ್ಯಾಬ್ ಬಿಟ್ರೆ ಬೇರೆ ಏನೂ ಬರಲ್ಲ. ಯಾವ ಪ್ರಾಜೆಕ್ಟ್ ಮಾಡಿ ತೋರಿಸಲಿ?

ಪೈಥಾನ್ ಕಡ್ಡಾಯ. ಜೆ.ಪಿ. ಮೋರ್ಗನ್‌ನ ‘ಅಥೀನಾ’, ಬ್ಯಾಂಕ್ ಆಫ್ ಅಮೆರಿಕದ ‘ಕ್ವಾರ್ಟ್ಸ್’ ವ್ಯವಸ್ಥೆಗಳು ಪೈಥಾನ್ ಮೇಲೆ ನಿಂತಿವೆ. ಗೋಲ್ಡ್‌ಮನ್‌ನವರದು ‘ಸ್ಲ್ಯಾಂಗ್’ ಎಂಬ ಸ್ವಂತ ಭಾಷೆ, ಅದನ್ನು ಹೊರಗೆ ಕಲಿಯಲಾಗದು, ಸೇರಿದ ಮೇಲೆಯೇ. ಬೆಲೆ ಕಟ್ಟುವ ಲೈಬ್ರರಿ ಬರೆಯುವ ತಂಡಗಳಿಗೆ ಸಿ ಪ್ಲಸ್ ಪ್ಲಸ್ ಬೇಕು. ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆ) ಮತ್ತು ಗಿಟ್ (ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಸಾಧನ) ಬರುತ್ತದೆ ಎಂದೇ ಎಲ್ಲರೂ ಭಾವಿಸಿಕೊಳ್ಳುತ್ತಾರೆ.

ಪ್ರಾಜೆಕ್ಟ್‌ಗೆ ದೂರ ಹೋಗಬೇಕಿಲ್ಲ. ಎನ್ಎಸ್ಇ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ನಿಫ್ಟಿ ಸೂಚ್ಯಂಕದ ಆಪ್ಷನ್‌ಗಳ ಬೆಲೆಪಟ್ಟಿ ಸಿಗುತ್ತದೆ. ಒಂದು ಅವಧಿ ಆರಿಸಿ, ಪ್ರತಿ ಸ್ಟ್ರೈಕ್‌ನ (ಆಪ್ಷನ್‌ನಲ್ಲಿ ಗೊತ್ತುಮಾಡಿದ ಬೆಲೆಯ) ಆಪ್ಷನ್ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಇಂಪ್ಲೈಡ್ ವೋಲಟಿಲಿಟಿ (ಆ ಬೆಲೆಯೊಳಗೆ ಅಡಗಿರುವ ಏರಿಳಿತದ ಅಂದಾಜು) ತೆಗೆದು ಗೆರೆ ಎಳೆಯಿರಿ. ಮೊದಲ ಸಲ ಎಲ್ಲರದೂ ಕೆಡುತ್ತದೆ, ಅದೂ ಎರಡೇ ಕಾರಣಕ್ಕೆ. ಒಂದು, ಕೊನೆಗೆ ನಡೆದ ವ್ಯಾಪಾರದ ಬೆಲೆಯನ್ನು ಬಳಸುತ್ತೀರಿ. ದೂರದ ಸ್ಟ್ರೈಕ್‌ಗಳಲ್ಲಿ ಅದು ಗಂಟೆಗಟ್ಟಲೆ ಹಳೆಯದಿರಬಹುದು, ಗೆರೆ ಗರಗಸದಂತಾಗುತ್ತದೆ. ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುಬಿಂದು ತೆಗೆದುಕೊಳ್ಳಿ. ಎರಡು, ನಿಫ್ಟಿಯ ಇಂದಿನ ಮಟ್ಟವನ್ನೇ ಸೂತ್ರಕ್ಕೆ ಹಾಕುತ್ತೀರಿ. ಬಡ್ಡಿ, ಡಿವಿಡೆಂಡ್ ಸರಿಹೊಂದದೆ, ಒಂದೇ ಸ್ಟ್ರೈಕ್‌ನ ಕಾಲ್ (ಕೊಳ್ಳುವ ಹಕ್ಕು) ಒಂದು ವೋಲಟಿಲಿಟಿ ತೋರಿಸಿದರೆ ಪುಟ್ (ಮಾರುವ ಹಕ್ಕು) ಇನ್ನೊಂದು ತೋರಿಸುತ್ತದೆ. ಅದೇ ಅವಧಿಯ ಫ್ಯೂಚರ್ಸ್ ಬೆಲೆ (ಮುಂದಿನ ದಿನಕ್ಕೆ ಈಗಲೇ ಗೊತ್ತುಮಾಡಿಕೊಂಡ ಬೆಲೆ) ಹಾಕಿ ನೋಡಿ, ಎರಡು ಗೆರೆಗಳೂ ಹತ್ತಿರ ಬಂದು ಕೂರುತ್ತವೆ. ಇಂಟರ್ವ್ಯೂನಲ್ಲಿ ಈ ಎರಡು ತಪ್ಪುಗಳನ್ನು ಹೇಗೆ ಪತ್ತೆಹಚ್ಚಿದಿರಿ ಎಂದು ಹೇಳಿದರೆ, ಹತ್ತು ಆನ್‌ಲೈನ್ ಸರ್ಟಿಫಿಕೇಟುಗಳಿಗಿಂತ ತೂಕ ಹೆಚ್ಚು.

ನನ್ನ ಸಿ.ವಿ. ಎಂಟು ಪುಟ ಇದೆ. ಒಂದು ಪುಟ ಮಾಡು ಅಂತಾರೆ, ಏನನ್ನು ತೆಗೀಲಿ?

ಸಮ್ಮೇಳನಗಳ ಪಟ್ಟಿ ತೆಗೆಯಿರಿ. ಪ್ರಬಂಧಗಳ ಪಟ್ಟಿಯನ್ನು ‘5 ಪ್ರಬಂಧ, 3ರಲ್ಲಿ ಮೊದಲ ಲೇಖಕ’ ಎಂಬ ಒಂದು ಸಾಲಿಗೆ ಇಳಿಸಿ. ‘ಎರಡು ಆಯಾಮದ ಸ್ಪಿನ್ ವ್ಯವಸ್ಥೆಗಳ ಅಧ್ಯಯನ’ ಎಂಬ ಸಾಲನ್ನು ಬ್ಯಾಂಕಿನಲ್ಲಿ ಓದುವವರು ದಾಟಿ ಹೋಗುತ್ತಾರೆ. ಅದೇ ಕೆಲಸವನ್ನು ‘ಸಿ ಪ್ಲಸ್ ಪ್ಲಸ್‌ನಲ್ಲಿ ಮಾಂಟೆ ಕಾರ್ಲೊ ಸಿಮ್ಯುಲೇಷನ್ ಬರೆದು, 40 ಗಂಟೆಯ ಲೆಕ್ಕವನ್ನು 3 ಗಂಟೆಗೆ ಇಳಿಸಿದ್ದು’ ಎಂದು ಬರೆದರೆ ಅಲ್ಲೇ ನಿಲ್ಲುತ್ತಾರೆ. ಏನು ಮಾಡಿದಿರಿ, ಯಾವುದರಿಂದ, ಎಷ್ಟು ಫಲ ಸಿಕ್ಕಿತು: ಪ್ರತಿ ಸಾಲಿನಲ್ಲೂ ಈ ಮೂರು ಇರಲಿ. ಅಂಕಿ ನಿಜವಾದದ್ದೇ ಆಗಿರಲಿ, ಏಕೆಂದರೆ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ.

ಗೈಡ್‌ಗೆ ಹೇಳಬೇಕಾ? ಹೇಳಿದ್ರೆ ಸಿಟ್ಟಾಗ್ತಾರೆ ಅನ್ನೋ ಭಯ.

ಹೇಳಬೇಕು, ಆದರೆ ಬರಿಗೈಯಲ್ಲಿ ಹೋಗಬೇಡಿ. ಉಳಿದ ಅಧ್ಯಾಯಗಳು ಯಾವ ತಿಂಗಳಲ್ಲಿ ಮುಗಿಯುತ್ತವೆ, ಕಳಿಸಬೇಕಾದ ಪ್ರಬಂಧ ಯಾವುದು ಎಂದು ಬರೆದ ಒಂದು ಹಾಳೆ ಜೊತೆಗಿರಲಿ. ಗೈಡ್‌ಗೆ ಆತಂಕ ಇರುವುದು ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂಬುದರ ಬಗ್ಗೆ. ಇಂಟರ್ನ್‌ಷಿಪ್‌ಗೆ ಹೋಗುವುದಾದರೆ ಫೆಲೋಷಿಪ್ ಕೊಡುವ ಸಂಸ್ಥೆಯ ಲಿಖಿತ ಅನುಮತಿ ಬೇಕೇ, ಆ ತಿಂಗಳುಗಳ ಹಣ ನಿಲ್ಲುತ್ತದೆಯೇ ಎಂಬುದನ್ನು ಕಚೇರಿಯಲ್ಲಿ ಮೊದಲೇ ಕೇಳಿ. ಆಮೇಲೆ ಹಣ ವಾಪಸ್ ಕಟ್ಟುವ ಪಾಡು ಬೇಡ.

## ಇಂಟರ್ವ್ಯೂ

ಕ್ವಾಂಟ್ ಇಂಟರ್ವ್ಯೂನಲ್ಲಿ ಎಂಥ ಲೆಕ್ಕ ಕೊಡ್ತಾರೆ?

ಒಂದು ಹಳೆಯ ಪ್ರಶ್ನೆ. ನಾಣ್ಯ ಚಿಮ್ಮುತ್ತಾ ಹೋದರೆ ಸತತವಾಗಿ ಎರಡು ಹೆಡ್ ಬೀಳಲು ಸರಾಸರಿ ಎಷ್ಟು ಸಲ ಚಿಮ್ಮಬೇಕು? ಉತ್ತರ 6. ಹೆಡ್ ಆದ ಕೂಡಲೇ ಟೇಲ್ ಬೀಳಲು? 4. ನಿಜವಾದ ಪರೀಕ್ಷೆ ನಂತರದ್ದು: ಯಾಕೆ ಎರಡೂ ಒಂದೇ ಅಲ್ಲ? ಮೊದಲನೆಯದರಲ್ಲಿ ಹೆಡ್ ಬಿದ್ದ ಮೇಲೆ ಟೇಲ್ ಬಂದರೆ ಎಲ್ಲವೂ ಮೊದಲಿಂದ. ಎರಡನೆಯದರಲ್ಲಿ ಹೆಡ್ ಬಿದ್ದ ಮೇಲೆ ಮತ್ತೆ ಹೆಡ್ ಬಂದರೂ ನೀವು ಅದೇ ಮೆಟ್ಟಿಲಲ್ಲಿ ನಿಂತಿರುತ್ತೀರಿ, ಕೆಳಗೆ ಜಾರುವುದಿಲ್ಲ. ಸೂತ್ರ ಬರೆಯುವುದಕ್ಕಿಂತ ಈ ಒಂದು ವಾಕ್ಯ ಅವರಿಗೆ ಇಷ್ಟ.

ಇನ್ನೊಂದು. ಷೇರು ₹100, ಸ್ಟ್ರೈಕ್ ₹100, ಒಂದು ವರ್ಷ, ವೋಲಟಿಲಿಟಿ 20 ಪ್ರತಿಶತ, ಬಡ್ಡಿ ಸೊನ್ನೆ. ಕಾಲ್ ಆಪ್ಷನ್ ಬೆಲೆ ಬಾಯಲ್ಲೇ ಹೇಳಿ. ಅಂದಾಜಿನ ಸೂತ್ರ 0.4 × ಷೇರಿನ ಬೆಲೆ × ವೋಲಟಿಲಿಟಿ, ಅಂದರೆ 0.4 × 100 × 0.2 = ₹8. ಪೂರ್ತಿ ಸೂತ್ರ ಕೊಡುವುದು ₹7.97. ವೋಲಟಿಲಿಟಿ ದುಪ್ಪಟ್ಟಾದರೆ ಬೆಲೆಯೂ ಹೆಚ್ಚುಕಡಿಮೆ ದುಪ್ಪಟ್ಟು. ಅದೇ ಸ್ಟ್ರೈಕ್‌ನ ಪುಟ್ ಎಷ್ಟು? ಬಡ್ಡಿ ಸೊನ್ನೆಯಾದ್ದರಿಂದ ಅದೂ ಅಷ್ಟೇ.

ಪಿಎಚ್‌ಡಿಯವರು ಸೋಲುವುದು ಗಣಿತದಲ್ಲಿ ಅಲ್ಲ, ಮೌನದಲ್ಲಿ. ಲ್ಯಾಬಿನಲ್ಲಿ ಒಬ್ಬರೇ ಯೋಚಿಸಿ ಅಭ್ಯಾಸವಾಗಿ, ಐದು ನಿಮಿಷ ಸುಮ್ಮನೆ ಕೂತುಬಿಡುತ್ತಾರೆ. ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಾ ಹೋಗಿ. ಮೊದಲು ಅಂದಾಜು, ಆಮೇಲೆ ನಿಖರ ಉತ್ತರ.

ಡೀಲ್ ತಂಡದವರು?

ಲೆಕ್ಕಪತ್ರ ಹಿಡಿದು ಜಾಲಾಡುತ್ತಾರೆ. ‘ಸವಕಳಿ ₹10 ಹೆಚ್ಚಾದರೆ ಮೂರು ಪಟ್ಟಿಗಳಲ್ಲಿ (ಲಾಭ-ನಷ್ಟ, ನಗದು, ಆಸ್ತಿ) ಏನಾಗುತ್ತದೆ? ತೆರಿಗೆ 25 ಪ್ರತಿಶತ.’ ತೆರಿಗೆಗೆ ಮುಂಚಿನ ಲಾಭ ₹10 ಇಳಿಯುತ್ತದೆ, ತೆರಿಗೆಯಲ್ಲಿ ₹2.50 ಉಳಿತಾಯವಾಗುತ್ತದೆ, ನಿವ್ವಳ ಲಾಭ ₹7.50 ಇಳಿಯುತ್ತದೆ. ಸವಕಳಿಗಾಗಿ ಕೈಯಿಂದ ಹಣ ಹೋಗಿಲ್ಲವಾದ್ದರಿಂದ ನಗದು ಪಟ್ಟಿಯಲ್ಲಿ ₹10 ಮತ್ತೆ ಕೂಡಿಸಬೇಕು, ಆಗ ನಗದು ₹2.50 ಏರುತ್ತದೆ. ಆಸ್ತಿ ಪಟ್ಟಿಯಲ್ಲಿ ಯಂತ್ರದ ಬೆಲೆ ₹10 ಕೆಳಗೆ, ನಗದು ₹2.50 ಮೇಲೆ, ಒಟ್ಟು ₹7.50 ಕೆಳಗೆ. ಎದುರು ಬದಿಯಲ್ಲಿ ಷೇರುದಾರರ ಬಂಡವಾಳವೂ ₹7.50 ಕೆಳಗೆ. ತಕ್ಕಡಿ ಸಮ. ಇದನ್ನು ತಡವರಿಸದೆ ಒಂದೂವರೆ ನಿಮಿಷದಲ್ಲಿ ಹೇಳುವಷ್ಟು ಅಭ್ಯಾಸ ಬೇಕು.

‘ಯಾಕೆ ಸಂಶೋಧನೆ ಬಿಡ್ತಿದ್ದೀರಿ’ ಅಂದ್ರೆ ಏನು ಹೇಳ್ಲಿ?

ನಿಜ ಹೇಳಿ, ದೂರು ಹೇಳಬೇಡಿ. ಅಧ್ಯಾಪಕ ಹುದ್ದೆಗಳು ಕಡಿಮೆ ಎಂಬುದು ನಿಜವಾದರೂ ಅದೊಂದೇ ಕಾರಣ ಎಂದರೆ ‘ಬೇರೆ ಗತಿಯಿಲ್ಲದೆ ಬಂದವರು’ ಅನ್ನಿಸುತ್ತದೆ. ಯಾವ ಥರದ ಸಮಸ್ಯೆ ನಿಮ್ಮನ್ನು ಎಳೆಯುತ್ತದೆ, ಅದು ಈ ತಂಡದಲ್ಲಿ ಎಲ್ಲಿದೆ ಎಂಬುದನ್ನು ಹೇಳಿ. ಹಣದ ಮಾತನ್ನು ಅವರು ತೆಗೆದರೆ ಮುಚ್ಚಿಡುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತಿರುವುದೇ.

## ಆಫರ್ ಬಂದ ಮೇಲೆ

ಅನಲಿಸ್ಟ್ ಅಂತ ಕೊಟ್ಟಿದ್ದಾರೆ. ಅಸೋಸಿಯೇಟ್ ಕೇಳಬಹುದಾ?

ಕೇಳಲೇಬೇಕು. ಮೆಟ್ಟಿಲುಗಳು ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಮ್ಯಾನೇಜಿಂಗ್ ಡೈರೆಕ್ಟರ್ ಎಂದು ಸಾಗುತ್ತವೆ. ಕ್ವಾಂಟ್ ತಂಡಗಳಲ್ಲಿ ಪಿಎಚ್‌ಡಿಯವರು ಅಸೋಸಿಯೇಟ್ ಆಗಿ ಸೇರುವುದು ರೂಢಿ. ಸಂಬಳವನ್ನು ಮುಂದೆ ಏರಿಸಿಕೊಳ್ಳಬಹುದು, ಆದರೆ ಒಂದು ಮೆಟ್ಟಿಲು ಕೆಳಗೆ ಸೇರಿದರೆ ಅದನ್ನು ಹತ್ತಲು ಎರಡು ಮೂರು ವರ್ಷ ಬೇಕು.

ಪತ್ರದಲ್ಲಿ ಇನ್ನೂ ಮೂರು ಸಾಲು ಹುಡುಕಿ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ಹಿಂತಿರುಗಿಸಬೇಕು, ಮತ್ತು ತೆರಿಗೆ ಕಳೆದು ಕೈಗೆ ಬಂದದ್ದನ್ನೋ ಪೂರ್ತಿ ಮೊತ್ತವನ್ನೋ. ನೋಟಿಸ್ ಅವಧಿ ಎಷ್ಟು. ಭಾರತದಲ್ಲಿ 60ರಿಂದ 90 ದಿನ ಸಾಮಾನ್ಯ. ವರ್ಷದ ಬೋನಸ್‌ನಲ್ಲಿ ಎಷ್ಟು ಭಾಗ ತಕ್ಷಣ ಕೈಗೆ, ಎಷ್ಟು ಭಾಗ ಮುಂದಿನ ವರ್ಷಗಳಿಗೆ ಹಂಚಿಕೆ.

ವೈವಾ ಆಗಿಲ್ಲ, ಸರ್ಟಿಫಿಕೇಟ್ ಬಂದಿಲ್ಲ. ಸೇರಬಹುದಾ?

ಥೀಸಿಸ್ ಸಲ್ಲಿಸಿದ ದಾಖಲೆ ಇದ್ದರೆ ಸೇರಿಸಿಕೊಳ್ಳುವ ಬ್ಯಾಂಕುಗಳಿವೆ. ಆದರೆ ಹಿನ್ನೆಲೆ ಪರಿಶೀಲನೆ ಮಾಡುವ ಏಜೆನ್ಸಿ ನೀವು ಬರೆದದ್ದನ್ನು ವಿಶ್ವವಿದ್ಯಾಲಯದ ಜೊತೆ ಅಕ್ಷರಶಃ ತಾಳೆ ನೋಡುತ್ತದೆ. ವೈವಾ ಆಗದಿದ್ದರೆ ಅರ್ಜಿಯಲ್ಲಿ ‘ಪಿಎಚ್‌ಡಿ’ ಎಂದು ಬರೆಯದೆ ‘ಥೀಸಿಸ್ ಸಲ್ಲಿಸಲಾಗಿದೆ’ ಎಂದೇ ಬರೆಯಿರಿ. ವೈವಾ ಮುಗಿದ ದಿನವೇ ಪ್ರಾವಿಷನಲ್ ಸರ್ಟಿಫಿಕೇಟ್‌ಗೆ ಅರ್ಜಿ ಕೊಡಿ. ಫೆಲೋಷಿಪ್ ಅವಧಿಯ ದೃಢೀಕರಣ ಪತ್ರವನ್ನು ಕ್ಯಾಂಪಸ್ ಬಿಡುವ ಮೊದಲೇ ಪಡೆಯಿರಿ, ನಂತರ ಒಂದು ಸಹಿಗಾಗಿ ಹತ್ತು ಸಲ ಅಲೆಯಬೇಕಾಗುತ್ತದೆ.

ಮೊದಲ ವರ್ಷ ಪಿಎಚ್‌ಡಿಯವರು ಎಡವೋದು ಎಲ್ಲಿ?

ಸೊಗಸಾದ ಮಾಡೆಲ್ ಬರೆಯುವ ಆಸೆಯಲ್ಲಿ ದಿನದ ಲೆಕ್ಕವನ್ನು ಕೀಳಾಗಿ ಕಾಣುವಲ್ಲಿ. ಕ್ವಾಂಟ್ ತಂಡದ ಜೀವಾಳ ‘ಪಿ ಅಂಡ್ ಎಲ್ ಎಕ್ಸ್‌ಪ್ಲೇನ್’: ನಿನ್ನೆಯಿಂದ ಇವತ್ತಿಗೆ ಬಂದ ಲಾಭ ಅಥವಾ ನಷ್ಟ ಯಾವುದರಿಂದ ಬಂತು ಎಂದು ಬಿಡಿಸಿ ಹೇಳುವುದು.

ಮೇಲೆ ಹೇಳಿದ ಆ ₹8ರ ಆಪ್ಷನ್ 1 ಲಕ್ಷ ಇದೆ ಎನ್ನಿ. ಷೇರು ಒಂದು ರೂಪಾಯಿ ಏರಿತು. ಡೆಲ್ಟಾ (ಷೇರು ಒಂದು ರೂಪಾಯಿ ಏರಿದರೆ ಆಪ್ಷನ್ ಏರುವಷ್ಟು) 0.54, ಹಾಗಾಗಿ ₹54,000 ಲಾಭ. ಗಾಮಾ (ಆಗ ಡೆಲ್ಟಾ ಬದಲಾಗುವಷ್ಟು) 0.02, ಅದರ ಅರ್ಧದಿಂದ ₹1,000. ಒಂದು ದಿನ ಕಳೆದದ್ದಕ್ಕೆ ಥೀಟಾ ಸುಮಾರು ₹1,090 ತಿನ್ನುತ್ತದೆ. ಒಟ್ಟು ₹53,910 ಬರಬೇಕು. ಟ್ರೇಡಿಂಗ್ ಲೆಕ್ಕದ ಪುಸ್ತಕದಲ್ಲಿ ₹60,000 ತೋರಿಸುತ್ತಿದೆ. ಉಳಿದ ಸುಮಾರು ₹6,000 ಎಲ್ಲಿಂದ? ಈ ಆಪ್ಷನ್‌ನಲ್ಲಿ ವೋಲಟಿಲಿಟಿ ಒಂದು ಅಂಶ ಏರಿದರೆ ₹39,700 ಬರುತ್ತದೆ, ಅಂದರೆ 20ರಿಂದ 20.15ಕ್ಕೆ ಸರಿದಿದ್ದರೆ ಸಾಕು, ಲೆಕ್ಕ ಕೂಡುತ್ತದೆ. ನಿಜಕ್ಕೂ ಸರಿದಿದೆಯೇ, ಅಥವಾ ಯಾರಾದರೂ ತಪ್ಪು ಮುಕ್ತಾಯದ ಬೆಲೆ ಹಾಕಿದ್ದಾರೆಯೇ? ಇದನ್ನು ಅವತ್ತೇ ಸಂಜೆ ಹೇಳಬೇಕು. ಮೂರು ದಿನ ಬಿಟ್ಟು ಪೂರ್ತಿ ಸಿದ್ಧಾಂತದೊಂದಿಗೆ ಬಂದ ಉತ್ತರ ಯಾರಿಗೂ ಬೇಡ. ಟ್ರೇಡರ್‌ಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುವುದು ಇಂಥ ₹6,000ಗಳಿಂದ.

ಇನ್ನೊಂದು, ಊಹೆಗಳನ್ನು ಮರೆತುಬಿಡುವುದು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮೇ ಫ್ಯೂಚರ್ಸ್ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಬೆಲೆ ಎಂದಿಗೂ ಸೊನ್ನೆಗಿಂತ ಕೆಳಗಿಳಿಯದು ಎಂದು ನಂಬಿ, ಬೆಲೆಯ ಲಾಗರಿದಮ್ ತೆಗೆಯುವ ಮಾಡೆಲ್‌ಗಳು ಅಲ್ಲಿಗೆ ಕೆಲಸಕ್ಕೆ ಬಾರದಾದವು. ಸಿಎಂಇ ವಿನಿಮಯ ಕೇಂದ್ರ ಆ ವಾರವೇ ಆಪ್ಷನ್ ಲೆಕ್ಕಕ್ಕೆ, ಬೆಲೆ ಸೊನ್ನೆಗಿಂತ ಕೆಳಗಿಳಿಯಲು ಎಡೆಯಿರುವ ಬಾಶೆಲಿಯೆ ಮಾಡೆಲ್ ಹಿಡಿಯಿತು. ಅದು 1900ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಬಾಶೆಲಿಯೆ ಬರೆದ ಪಿಎಚ್‌ಡಿ ಥೀಸಿಸ್‌ನಿಂದ ಬಂದದ್ದು. ನಿಮ್ಮ ಕೋಡ್‌ನ ಮೊದಲ ಸಾಲಲ್ಲೇ ‘ಇದು ಯಾವಾಗ ಕೆಲಸ ಮಾಡುವುದಿಲ್ಲ’ ಎಂದು ಬರೆದಿಡಿ.

ಮಾಡೆಲ್ ವ್ಯಾಲಿಡೇಷನ್‌ನಲ್ಲಿ ಸಿಕ್ಕಿದೆ. ಆಮೇಲೆ ಡೆಸ್ಕ್ ಕ್ವಾಂಟ್ (ಟ್ರೇಡರ್ ಜೊತೆ ಕೂತು ಮಾಡೆಲ್ ಬರೆಯುವವರು) ಆಗಬಹುದಾ?

ಆಗಬಹುದು, ಹೆಚ್ಚಾಗಿ ಎರಡರಿಂದ ಮೂರು ವರ್ಷದೊಳಗೆ. ಹತ್ತಾರು ಮಾಡೆಲ್‌ಗಳನ್ನು ಬಿಚ್ಚಿ ನೋಡುವ ಅವಕಾಶ ಅಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗದು. ಕಾಲ ಕಳೆದಂತೆ ಬರೀ ವರದಿ ಬರೆಯುವುದಕ್ಕೆ ಸೀಮಿತವಾಗಿ ಕೋಡ್ ಮರೆತುಹೋಗುವುದೇ ಅಪಾಯ. ಪರೀಕ್ಷಿಸುವ ಪ್ರತಿ ಮಾಡೆಲ್‌ಗೂ ನಿಮ್ಮದೇ ಕೈಯಾರೆ ಒಂದು ಪರ್ಯಾಯ ಲೆಕ್ಕ ಬರೆಯಿರಿ, ತಂಡ ಕೇಳದಿದ್ದರೂ.

ಸೇರಿದ ಮೇಲೆ ಷೇರು ವ್ಯವಹಾರ ಮಾಡಬಹುದಾ? ಪೇಪರ್ ಪ್ರಕಟಿಸಬಹುದಾ?

ಡಿಮ್ಯಾಟ್ ಖಾತೆಯನ್ನು ಘೋಷಿಸಬೇಕು. ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿಯ ಖಾತೆಯನ್ನೂ. ಪ್ರತಿ ಖರೀದಿಗೆ ಮೊದಲೇ ಅನುಮತಿ, ಕೊಂಡ ಮೇಲೆ ಇಂತಿಷ್ಟು ದಿನ ಮಾರುವಂತಿಲ್ಲ ಎಂಬ ನಿಯಮ ಇರುತ್ತವೆ. ಮನೆಯವರು ನಿಮ್ಮ ಹೆಸರಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್, ಆಪ್ಷನ್ ವ್ಯಾಪಾರ) ಮಾಡುತ್ತಿದ್ದರೆ ಸೇರುವ ಮೊದಲೇ ನಿಲ್ಲಿಸಿ. ಥೀಸಿಸ್‌ನಿಂದ ಉಳಿದ ಪ್ರಬಂಧಗಳನ್ನು ಸೇರುವಾಗಲೇ ಪಟ್ಟಿ ಮಾಡಿ ಲಿಖಿತ ಒಪ್ಪಿಗೆ ಪಡೆದರೆ ಪ್ರಕಟಿಸಬಹುದು. ಬ್ಯಾಂಕಿನಲ್ಲಿ ಬರೆದ ಕೋಡ್‌ನ ಒಂದು ಸಾಲನ್ನೂ ಸ್ವಂತ ಇ-ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದು ಬ್ಯಾಂಕಿನ ಆಸ್ತಿ.

ಇಷ್ಟವಾಗದಿದ್ರೆ ಮತ್ತೆ ಸಂಶೋಧನೆಗೆ ವಾಪಸ್ ಹೋಗಬಹುದಾ?

ಎರಡು ವರ್ಷದೊಳಗಾದರೆ, ಗೈಡ್ ಜೊತೆ ಸಂಬಂಧ ಚೆನ್ನಾಗಿದ್ದರೆ, ಪೋಸ್ಟ್‌ಡಾಕ್ ಆಗಿ ಹಿಂತಿರುಗಬಹುದು. ಅದು ದಾಟಿದರೆ ಪ್ರಕಟಣೆಗಳ ನಡುವಿನ ಖಾಲಿ ವರ್ಷಗಳು ಅಡ್ಡ ಬರುತ್ತವೆ. ಮ್ಯಾನೇಜ್‌ಮೆಂಟ್ ಶಾಲೆಗಳು, ಗಣಿತೀಯ ಹಣಕಾಸಿನ ಮಾಸ್ಟರ್ಸ್ ಕೋರ್ಸುಗಳು ಮಾತ್ರ ಬ್ಯಾಂಕಿನ ಅನುಭವವನ್ನು ಬಯಸಿಯೇ ಕರೆಯುತ್ತವೆ, ಅತಿಥಿ ಅಧ್ಯಾಪಕರಾಗಿ ವಾರಕ್ಕೊಂದು ತರಗತಿಯಿಂದ ಶುರುಮಾಡಬಹುದು. ಇದಕ್ಕೂ ಬ್ಯಾಂಕಿನ ಅನುಮತಿ ಬೇಕು, ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.